ಸ್ಪ್ಲೆಂಡರ್: ಸ್ಪ್ರಾಕೆಟ್ ಹಿಂದಿನ ಸೀಲ್ ಎರಡು ಸಲ ಹಾಕಿಸಿದರೂ ಆಯಿಲ್ ಸೋರುವುದು ನಿಂತಿಲ್ಲ

ಅಡಿಕೆಸೋಗೆ
ಸೋಮವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. 2006ರ ಸ್ಪ್ಲೆಂಡರ್ ಪ್ಲಸ್, ಮೊದಲಿಂದ ನನ್ನ ಕೈಯಲ್ಲೇ ಇದೆ. ಎಷ್ಟು ಓಡಿದೆ ಅಂತ ಮಾತ್ರ ಕೇಳಬೇಡಿ, ಮೀಟರ್ ಕೇಬಲ್ ತುಂಡಾಗಿ ಎಂಟು ವರ್ಷ ಆಯ್ತು. ತೋಟ, ಸೊಸೈಟಿ, ತೀರ್ಥಹಳ್ಳಿ ಪೇಟೆ, ವರ್ಷಕ್ಕೆರಡು ಸಲ ಆಗುಂಬೆ ಘಾಟಿ ಇಳಿದು ಉಡುಪಿ. ಇಷ್ಟೇ ಅದರ ಪ್ರಪಂಚ.

ಎಡಗಡೆ ಗೇರ್ ಪೆಡಲ್ ಹಿಂದೆ, ಚೈನ್ ಒಳಗೆ ಹೋಗುವಲ್ಲಿ ಒಂದು ಕವರ್ ಇದೆಯಲ್ಲ, ಅದರ ಅಡಿಯಿಂದ ಆಯಿಲ್ ಸೋರುತ್ತಿದೆ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಅಂಗೈ ಅಗಲದ ಕಲೆ. ಅಂಗಳ ಸಾರಿಸಿದ ಮಾರನೇ ದಿನ ಆ ಕಲೆ ಬಿದ್ದರೆ ಮನೆಯಲ್ಲಿ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸದ್ಯಕ್ಕೆ ಕೆಳಗೊಂದು ಅಡಿಕೆ ಹಾಳೆ ಇಟ್ಟಿದ್ದೇನೆ.

ಮಳೆಗಾಲದ ಕೊನೆಗೆ ಮಗಳ ಬಾಣಂತನಕ್ಕೆ ಅಂತ ಎರಡು ತಿಂಗಳು ಬೆಂಗಳೂರಲ್ಲಿದ್ದೆವು, ಬೈಕು ಕೊಟ್ಟಿಗೆ ಮೂಲೆಯಲ್ಲಿ ನಿಂತಿತ್ತು. ಬಂದ ಮೇಲೆ ಶುರುವಾದ ಕಾಟ ಇದು. ಮೆಕ್ಯಾನಿಕ್ ಸ್ಪ್ರಾಕೆಟ್ (ಚೈನ್ ಎಳೆಯುವ ಹಲ್ಲಿನ ಚಕ್ರ) ಹಿಂದಿನ ಆಯಿಲ್ ಸೀಲ್, ಅಂದರೆ ಶಾಫ್ಟಿನ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆ, ಹೋಗಿದೆ ಅಂದರು, ಬದಲಿಸಿದರು. ಹದಿನೈದು ದಿನ ಒಣಗಿಕೊಂಡೇ ಇತ್ತು, ಮತ್ತೆ ಶುರು. ಎರಡನೇ ಸಲ ಹಾಕಿದ್ದು ಒಂದು ವಾರವೂ ಬರಲಿಲ್ಲ. ಈಗ ಅವರು ಎಂಜಿನ್ ಇಳಿಸಬೇಕು, ಕೇಸ್ ಬಿಚ್ಚಿ ಬೇರಿಂಗ್ ಹಾಕಬೇಕು, ಆರು ಸಾವಿರ ಆಗುತ್ತೆ ಅನ್ನುತ್ತಿದ್ದಾರೆ. ಗಾಡಿ ಮಾರಿದರೆ ಬರುವುದು ಅದರ ಎರಡೂವರೆ ಪಾಲು ಇರಬಹುದು ಅಷ್ಟೆ. ಇಳಿಸಲೋ ಬೇಡವೋ?


ಹುಬ್ಬಳ್ಳಿ ಹತ್ತು ನಂಬರ್ ಸ್ಪ್ಯಾನರ್
ಸೋಮವಾರ, ರಾತ್ರಿ 9.42

ಅಣ್ಣಾರ, ಎಂಜಿನ್ ಇಳಸೂದು ಆಮ್ಯಾಲೆ ನೋಡೂಣು. ಸ್ಪ್ರಾಕೆಟ್ ಕವರ್ ಬಿಚ್ಚಿ, ಚೈನ್ ಸಡ್ಲ ಮಾಡಿ, ಸ್ಪ್ರಾಕೆಟ್ ಹಿಡ್ದು ಮ್ಯಾಲ ಕೆಳಗ ಅಲ್ಲಾಡ್ಸಿ ನೋಡ್ರಿ. ಟಕ್ ಟಕ್ ಅಂತ ಕೈಗೆ ಹತ್ತಿದ್ರ ಶಾಫ್ಟಿನ ಬೇರಿಂಗ್ ಹೋಗೇತಿ, ಮೆಕ್ಯಾನಿಕ್ ಹೇಳಿದ್ದ ಖರೇ. ಅಲ್ಲಾಡಲಿಲ್ಲಂದ್ರ ಆರು ಸಾವ್ರ ಕಿಸೇದಾಗ ಇಟ್ಕೋರಿ.

ಇನ್ನೊಂದು. ಆಯಿಲ್ ಬರೂದು ಆ ಸೀಲಿಂದನ ಅಂತ ಯಾರರ ಕಣ್ಣಿಲೆ ನೋಡೀರೇನು? ಆ ಮೂಲ್ಯಾಗ ಆಯಿಲ್ ಕೂಡಾಕ ನಾಲ್ಕೈದು ದಾರಿ ಅದಾವ. ಸ್ಪ್ರಾಕೆಟ್ ಸೀಲ್ ಒಂದು. ಗೇರ್ ಪೆಡಲಿನ ಶಾಫ್ಟಿನ ಸೀಲ್ ಒಂದು. ನ್ಯೂಟ್ರಲ್ ಸ್ವಿಚ್ಚಿನ ರಬ್ಬರ್ ಒಂದು. ಮ್ಯಾಗ್ನೆಟ್ ಕಡೆ ಕ್ರ್ಯಾಂಕ್ ಸೀಲ್ ಹೋದ್ರೂ ಸೋರಿ ಹಿಂದಕ್ಕ ಬರ್ತೈತಿ. ಮ್ಯಾಲ ಟ್ಯಾಪೆಟ್ ಮುಚ್ಚಳದ ಓ ರಿಂಗ್ ಸತ್ತಿದ್ರೂ, ಗಾಡಿ ಓಡೂವಾಗ ಗಾಳಿ ಆಯಿಲ್ಲನ್ನ ಹಿಂದಕ್ಕ ತಳ್ಳಿ ಅಲ್ಲೇ ತಂದು ಬಿಡ್ತೈತಿ. ಕೆಲವೊಮ್ಮೆ ಏನೂ ಸೋರಿರಂಗಿಲ್ಲ, ಚೈನಿಗೆ ಸುರದ ಹಳೆ ಆಯಿಲ್ ಕರಗಿ ತೊಟ್ಟಿಕ್ಕತಿರ್ತೈತಿ. ನಮ್ಮ ಅಂಗಡಿಗೆ ಇಂಥಾದು ತಿಂಗಳಿಗೆ ಒಂದರ ಬರ್ತೈತಿ.


ರಸ್ತೆರಾಜ_99
ಸೋಮವಾರ, ರಾತ್ರಿ 10.05

ಇಷ್ಟೆಲ್ಲಾ ತಲೆಬಿಸಿ ಯಾಕ್ ಸಾರ್. ಎಂಜಿನ್ ಆಯಿಲ್ ಜೊತೆ ಎರಡು ಮುಚ್ಚಳ ಬ್ರೇಕ್ ಆಯಿಲ್ ಹಾಕಿ ಐವತ್ತು ಕಿಲೋಮೀಟರ್ ಓಡಿಸಿ. ಸೀಲ್ ರಬ್ಬರ್ ಉಬ್ಬಿ ತಾನೇ ಟೈಟ್ ಆಗುತ್ತೆ. ನಮ್ಮಣ್ಣ ಹಂಗೇ ಮಾಡಿದ್ದು, ಲೀಕ್ ಬಂದ್.


ಮಸ್ಕತ್ ಕನ್ನಡಿಗ
ಸೋಮವಾರ, ರಾತ್ರಿ 10.31

ದಯವಿಟ್ಟು ಹಾಗೆ ಮಾಡಬೇಡಿ. ನಾನು ಇಲ್ಲಿ ಪಂಪು, ಕಂಪ್ರೆಸರುಗಳ ನಿರ್ವಹಣೆ ಕೆಲಸದಲ್ಲಿದ್ದೇನೆ. ದಿನಾ ಬೆಳಗಾದರೆ ಸೀಲಿನ ಮುಖವೇ ನೋಡುವುದು.

ರಬ್ಬರ್ ಉಬ್ಬುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಬ್ರೇಕ್ ಆಯಿಲ್‌ಗೆ ಯಾವ ಸೀಲ್ ಹಳೆಯದು, ಯಾವುದು ಗಟ್ಟಿಯಿದೆ ಅಂತ ಗೊತ್ತಿಲ್ಲ. ಎಂಜಿನ್ ಒಳಗಿರುವ ಎಲ್ಲ ರಬ್ಬರನ್ನೂ ಮೆತ್ತಗೆ ಮಾಡುತ್ತದೆ. ಎಂಜಿನ್ ಸೀಲುಗಳು ಹೆಚ್ಚಾಗಿ ನೈಟ್ರೈಲ್ ರಬ್ಬರಿನವು, ಖನಿಜ ಎಣ್ಣೆಗೆ ಅಂತಲೇ ಮಾಡಿದ್ದು. ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯದು, ಅದಕ್ಕೆ ಬೇರೆ ರಬ್ಬರ್. ಇವತ್ತು ಉಬ್ಬಿ ನಿಂತದ್ದು ನಾಳೆ ಹಿಟ್ಟಾಗುತ್ತದೆ. ಮೇಲಾಗಿ ಬೈಕಿನಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಕ್ಲಚ್ ಪ್ಲೇಟುಗಳು ಅದರಲ್ಲೇ ಮುಳುಗಿರುತ್ತವೆ. ಬೈಕಿಗೆ ಜಾಸೊ ಎಂಎ ಅಂತ ಬರೆದ ಆಯಿಲ್ಲನ್ನೇ ಹಾಕಿ ಅನ್ನುವುದು ಅದಕ್ಕೆ. ಲೀಕ್ ನಿಲ್ಲಿಸುವ ಡಬ್ಬಿ ಔಷಧಿಗಳನ್ನೂ ನಾನು ಬೈಕಿಗೆ ಹಾಕುವುದಿಲ್ಲ.

ಮೂಲ ಪ್ರಶ್ನೆಗೆ ಬರುತ್ತೇನೆ. ಹೊಸ ಸೀಲ್ ಹದಿನೈದು ದಿನಕ್ಕೆ ಸತ್ತರೆ ಅದು ಸವೆದು ಸತ್ತದ್ದಲ್ಲ, ಯಾವುದೋ ಅದನ್ನು ಕೊಂದಿದೆ. ಅಡಿಕೆಸೋಗೆಯವರೇ, ತೆಗೆದ ಹಳೆ ಸೀಲುಗಳು ಇವೆಯಾ? ಬಿಸಾಡಿಲ್ಲ ತಾನೆ?


ಅಡಿಕೆಸೋಗೆ
ಮಂಗಳವಾರ, ಬೆಳಿಗ್ಗೆ 7.20

ಬ್ರೇಕ್ ಆಯಿಲ್ ವಿದ್ಯೆ ನನ್ನ ಕೈಯಲ್ಲಿ ಆಗಲಿಕ್ಕಿಲ್ಲ ಬಿಡಿ. ಎರಡನೇ ಸೀಲ್ ಗಾಡಿಯಲ್ಲೇ ಇದೆ. ಮೊದಲು ತೆಗೆದ ಎರಡೂ, ಅಂದರೆ ಕಂಪನಿಯಿಂದ ಬಂದದ್ದು ಮತ್ತು ಹದಿನೈದು ದಿನದ್ದು, ಟೂಲ್ ಬಾಕ್ಸಲ್ಲೇ ಸಿಕ್ಕವು.

ಹಳೆಯದರ ಒಳಬಾಯಿ ಕಲ್ಲಿನ ಹಾಗಾಗಿದೆ, ಉಗುರು ಊರಿದರೂ ತಗ್ಗುವುದಿಲ್ಲ. ಹದಿನೈದು ದಿನದ್ದರಲ್ಲಿ ರಬ್ಬರ್ ಇನ್ನೂ ಮೆತ್ತಗಿದೆ. ಆದರೆ ಒಳಬಾಯಿಯ ಒಂದು ಕಡೆ ಬ್ಲೇಡ್ ಎಳೆದ ಹಾಗೆ ಅಡ್ಡ ಗೀರು. ಹೊರ ಅಂಚಿನಲ್ಲಿ ಸುತ್ತಿಗೆಯದೋ ಸ್ಕ್ರೂಡ್ರೈವರಿನದೋ ಎರಡು ಗಾಯ.

ಸ್ಪ್ರಾಕೆಟ್ ಅಲ್ಲಾಡಿಸಿ ನೋಡಿದೆ. ಮೇಲೆ ಕೆಳಗೆ ಒಂದಿಷ್ಟೂ ಇಲ್ಲ. ಒಳಗೆ ಹೊರಗೆ ಸ್ವಲ್ಪ ಆಡುತ್ತದೆ.


ಹುಬ್ಬಳ್ಳಿ ಹತ್ತು ನಂಬರ್ ಸ್ಪ್ಯಾನರ್
ಮಂಗಳವಾರ, ಬೆಳಿಗ್ಗೆ 8.02

ಒಳಗ ಹೊರಗ ಚೂರು ಆಡೂದು ಇರೂದ ರೀ, ಸ್ಪ್ರಾಕೆಟ್ ಶಾಫ್ಟಿನ ಹಲ್ಲಿನ ಮ್ಯಾಲ ಕೂತಿರ್ತೈತಿ, ಲಾಕ್ ಪ್ಲೇಟ್ ಹಿಡಕೊಂಡಿರ್ತೈತಿ. ಮ್ಯಾಲ ಕೆಳಗ ಇಲ್ಲಂದ್ರ ಬೇರಿಂಗ್ ಗಟ್ಟಿ ಐತಿ. ಆರು ಸಾವ್ರ ಉಳೀತು ಅನ್ನೂಣು.

ಆ ಗೀರು ಏನಂದ್ರ, ಸೀಲ್ ಹಾಕೂವಾಗ ಶಾಫ್ಟಿನ ಹಲ್ಲಿಗೆ ಅದರ ತುಟಿ, ಅಂದ್ರ ನೀವು ಹೇಳಿದ ಒಳಬಾಯಿ, ತಾಗಿ ಹರದೈತಿ. ಹಲ್ಲು ಅಂದ್ರ ಚಾಕು ಇದ್ದಂಗ. ನಾವು ಶಾಫ್ಟಿನ ತುದಿಗೆ ಸೆಲೋ ಟೇಪ್ ಸುತ್ತಿ, ಅದರ ಮ್ಯಾಲ ಆಯಿಲ್ ಹಚ್ಚಿ ಸೀಲ್ ಇಳಸ್ತೀವಿ. ಸೀಲ್ ಕೂತ ಮ್ಯಾಲ ಟೇಪ್ ಎಳದ್ ತಗೀತೀವಿ. ಅರ್ಧ ನಿಮಿಷದ ಕೆಲಸ, ಯಾರೂ ಮಾಡಂಗಿಲ್ಲ.

ಈಗ ಪೌಡರ್ ಪರೀಕ್ಷಾ ಮಾಡ್ರಿ. ಆ ಜಾಗಾ ಪೂರ್ತಿ ಡೀಸೆಲ್ ಹಾಕಿ ಬ್ರಷ್ಶಿಲೆ ತಿಕ್ಕಿ ತೊಳೀರಿ. ಚೈನ್ ಸೈತ ಒರಸ್ರಿ. ಒಣ ಬಟ್ಟಿ, ಆಮ್ಯಾಲೆ ಸೋಪಿನ ನೀರು, ಬಿಸಲಾಗ ಎರಡು ತಾಸು. ಪೂರ್ತಿ ಒಣಗಿದ ಮ್ಯಾಲ ಮಕ್ಕಳ ಪೌಡರ್ ಉದರಸ್ರಿ, ಗ್ವಾಡಿಗೆ ಸುಣ್ಣ ಬಳದಂಗ ಬೆಳ್ಳಗ ಆಗ್ಬೇಕು. ಕವರ್ ಹಾಕಬ್ಯಾಡ್ರಿ. ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಸೆಂಟರ್ ಸ್ಟ್ಯಾಂಡಿನ ಮ್ಯಾಲ ಬಿಡ್ರಿ, ಎಕ್ಸಿಲೇಟರ್ ನಡುನಡುವ ಏರಸ್ರಿ. ಮೊದಲನೇ ಕಪ್ಪು ಗೆರಿ ಎಲ್ಲಿಂದ ಶುರು ಆಗ್ತೈತಿ ಅದ ನಿಮ್ಮ ಕಳ್ಳ. ಗೇರ್ ಹಾಕಬ್ಯಾಡ್ರಿ ಮತ್ತ, ಚೈನಿನ ಹತ್ತಿರ ಕೈ ಒಯ್ಯಬ್ಯಾಡ್ರಿ. ನಮ್ಮ ಹುಡುಗೊಬ್ಬ ಬೆರಳಿನ ತುದಿ ಕಳಕೊಂಡಾನ.


ಯೆಜ್ಡಿ ತಾತ
ಮಂಗಳವಾರ, ಬೆಳಿಗ್ಗೆ 11.15

ಮೈಸೂರಿಂದ ಬರೀತಿದ್ದೀನಿ. ನನ್ನ ಹತ್ರ ಇರೋದು 1984ರ ಯೆಜ್ಡಿ ರೋಡ್‌ಕಿಂಗ್. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಈ ಗಾಡಿಗಳನ್ನ ಸಾಕಿದೋರೆಲ್ಲಾ ಅರ್ಧ ಮೆಕ್ಯಾನಿಕ್ಕುಗಳೇ ಆಗಿಬಿಟ್ಟೆವು.

ಸ್ವಾಮಿ, ನಿಮ್ಮದು ಪುಣ್ಯ, ಆಯಿಲ್ ಹೊರಗೆ ಬರ್ತಿದೆ, ಕಣ್ಣಿಗೆ ಕಾಣುತ್ತೆ. ನಮ್ಮ ಯೆಜ್ಡಿಯಂಥ ಟೂ ಸ್ಟ್ರೋಕಲ್ಲಿ ಕ್ರ್ಯಾಂಕ್ ಸೀಲ್ ಹೋದರೆ ಒಂದು ತೊಟ್ಟೂ ನೆಲಕ್ಕೆ ಬೀಳಲ್ಲ. ಪೆಟ್ರೋಲ್ ಮಿಶ್ರಣ ಮೊದಲು ಕ್ರ್ಯಾಂಕ್ ಕೇಸಿಗೇ ಬರೋದ್ರಿಂದ, ಪಿಸ್ಟನ್ ಮೇಲೆ ಹೋದಾಗೆಲ್ಲಾ ಅಲ್ಲಿ ಹೀರುತ್ತೆ. ಕ್ಲಚ್ ಕಡೆ ಸೀಲ್ ಸವೆದಿದ್ರೆ ಗೇರ್ ಆಯಿಲ್ಲನ್ನೇ ಹೀರಿಕೊಂಡು ಸುಡುತ್ತೆ. ಹಿಂದೆ ಬೆಳ್ಳನೆ ಹೊಗೆ, ಪ್ಲಗ್ ಒದ್ದೆ, ಗೇರ್ ಆಯಿಲ್ ಮಾತ್ರ ತಿಂಗಳಿಗಷ್ಟು ಕಮ್ಮಿ. ನಾನು ಪಿಸ್ಟನ್ ರಿಂಗು ಅಂದ್ಕೊಂಡು ಎರಡು ಸಲ ಬೋರ್ ಮಾಡಿಸಿದೆ. ಮ್ಯಾಗ್ನೆಟ್ ಕಡೆ ಸೀಲ್ ಹೋದ್ರೆ ಇನ್ನೂ ಕೆಟ್ಟದ್ದು, ಅಲ್ಲಿ ಬರೀ ಗಾಳಿ ಹೀರುತ್ತೆ. ಮಿಶ್ರಣ ತೆಳ್ಳಗಾಗಿ ಐಡ್ಲಿಂಗ್ ಏರುತ್ತೆ, ಎಂಜಿನ್ ಕೆಂಡ ಆಗುತ್ತೆ, ಒಂದಿನ ಪಿಸ್ಟನ್ ಹಿಡ್ಕೊಳುತ್ತೆ. ಆರ್‌ಎಕ್ಸ್ 100 ಇಟ್ಟಿರೋ ಹುಡುಗರೂ ಇದನ್ನ ಕೇಳಿಸ್ಕೊಳ್ಳಿ.

ನಿಮ್ಮ ಪ್ರಶ್ನೆಗೆ ಇದು ಉತ್ತರ ಅಲ್ಲ, ಗೊತ್ತು. ಸೀಲ್ ಅಂದ ತಕ್ಷಣ ಕೈ ತಡೀಲಿಲ್ಲ.


ಗದಗ ಟ್ರ್ಯಾಕ್ಟರ್
ಮಂಗಳವಾರ, ಮಧ್ಯಾಹ್ನ 1.50

ತಾತಾರ, ಬರೀರಿ, ಇಂಥಾವ ಬೇಕು ನಮಗ.

ನಂದೂ ಒಂದು. ಟ್ರ್ಯಾಕ್ಟರಿನ ಹಿಂದಿನ ಕ್ರ್ಯಾಂಕ್ ಸೀಲ್. ಕ್ಲಚ್ ಹೌಸಿಂಗಿನ ಕೆಳಗ ಒಂದು ತೂತು ಇರ್ತೈತಿ, ಅದರಾಗ ಸ್ಪ್ಲಿಟ್ ಪಿನ್ ತೂಗಾಡ್ತಿರ್ತೈತಿ. ಅಲ್ಲಿಂದ ಆಯಿಲ್ ಬೀಳಾಕತ್ತಿತು. ನಮ್ಮ ಡ್ರೈವರ್ ಶ್ಯಾಣ್ಯಾ, ಕಟಗಿ ತುಂಡು ಬಡದು ತೂತ ಮುಚ್ಚಿಬಿಟ್ಟ. ನೆಲಕ್ಕ ಬೀಳೂದು ನಿಂತಿತು. ಆಯಿಲ್ ಒಳಗ ಕೂತು ಕ್ಲಚ್ ಪ್ಲೇಟ್ ತೊಯ್ದು, ರಂಟಿ ಹೂಡಿದ್ರ ಎಂಜಿನ್ ಒದರ್ತೈತಿ, ಗಾಡಿ ನಿಂತಲ್ಲೇ. ಆ ತೂತು ಇರೂದ ಸೋರಲಿ ಅಂತ. ಕೆಸರು ಗದ್ದ್ಯಾಗ ಇಳಸೂವಾಗ ಮುಚ್ಚತಾರ, ಹೊರಗ ಬಂದ ಮ್ಯಾಲ ತಗೀಬೇಕು.

ಆಯಿಲ್ ಬೆರಳಿಗೆ ಹಚ್ಚಿ ಮೂಸ್ರಿ. ಎಂಜಿನ್ ಆಯಿಲ್ ಕರ್ರಗ ತೆಳ್ಳಗ, ಸುಟ್ಟ ವಾಸನಿ. ಗೇರ್ ಆಯಿಲ್ ದಪ್ಪ, ಗಂಧಕದ ವಾಸನಿ. ಎಂಜಿನ್ನಿಂದಾದ್ರ ಕ್ರ್ಯಾಂಕ್ ಸೀಲ್, ಗೇರ್ ಆಯಿಲ್ ಆದ್ರ ಗೇರ್ ಬಾಕ್ಸಿನ ಮುಂದಿನ ಸೀಲ್. ಎರಡಕ್ಕೂ ಟ್ರ್ಯಾಕ್ಟರ್ ನಡು ಮುರದು ಎರಡು ಭಾಗ ಮಾಡ್ಬೇಕು, ಹಂಗಾಗಿ ಬಿಚ್ಚಿದಾಗ ಎರಡೂ ಹಾಕ್ಸಿಬಿಡ್ರಿ. ಸೀಲಿನ ರೊಕ್ಕ ಚಾದಂಗಡಿ ಲೆಕ್ಕ, ಮಜೂರಿನ ಎಲ್ಲಾ.


ಅಡಿಕೆಸೋಗೆ
ಬುಧವಾರ, ಸಂಜೆ 6.35

ಪೌಡರ್ ಪರೀಕ್ಷೆ ಮುಗಿಯಿತು. ಮೊಮ್ಮಗನ ಪೌಡರ್ ಡಬ್ಬಿ ಖಾಲಿ. ಯಾಕೆ ಅಂತ ಹೇಳಿದರೂ ಮನೆಯಲ್ಲಿ ಯಾರೂ ನಂಬಲಿಲ್ಲ.

ಎಂಜಿನ್ ಶುರು ಮಾಡಿ ಎರಡು ನಿಮಿಷ ಏನೂ ಇಲ್ಲ. ಆಮೇಲೆ ಸ್ಪ್ರಾಕೆಟ್ ಹಿಂದೆ, ಗಡಿಯಾರದಲ್ಲಿ ಏಳು ಗಂಟೆ ಮುಳ್ಳು ಇರುವ ಕಡೆ, ಒಂದು ತೇವದ ಚುಕ್ಕಿ ಮೂಡಿತು. ಅದು ದೊಡ್ಡದಾಗುತ್ತಾ ಕೆಳಗೆ ಗೆರೆ ಎಳೆಯಿತು. ಅಲ್ಲಿಗೆ ನಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ ಅಂದುಕೊಂಡೆ. ಆದರೆ ಐದನೇ ನಿಮಿಷಕ್ಕೆ ಗೇರ್ ಶಾಫ್ಟ್ ಹೊರಬರುವಲ್ಲಿ ಇನ್ನೊಂದು ಚುಕ್ಕಿ. ಎಕ್ಸಿಲೇಟರ್ ಏರಿಸಿದಾಗ ಅಲ್ಲಿ ಸಣ್ಣ ಗುಳ್ಳೆ ಬಂದು ಒಡೆಯಿತು. ಗುಳ್ಳೆ ಅಂದರೆ ಗುಳ್ಳೆಯೇ, ಸೋಪಿನ ನೀರಲ್ಲಿ ಬರುತ್ತದಲ್ಲ, ಹಾಗೆ. ಎಂಜಿನ್ ಆಫ್ ಮಾಡಿ ಆಯಿಲ್ ಮುಚ್ಚಳ ತಿರುಗಿಸಿದರೆ ಉಸ್ ಅಂತ ಗಾಳಿ ಬಿಟ್ಟಿತು.

ಅಂದರೆ ಎರಡು ಸೀಲ್ ಹೋಗಿದೆ ಅಂತಲೋ?


ಮಸ್ಕತ್ ಕನ್ನಡಿಗ
ಬುಧವಾರ, ಸಂಜೆ 7.04

ಅಲ್ಲ. ಆ ಉಸ್ ಅನ್ನುವುದೇ ಉತ್ತರ. ಬ್ರೀದರ್ ಪೈಪ್ ನೋಡಿ. ಈಗಲೇ ನೋಡಿ.

ಸ್ವಲ್ಪ ವಿವರವಾಗಿ ಹೇಳಿಬಿಡುತ್ತೇನೆ, ಇದನ್ನು ತಿಳಿಯದೆ ಸೀಲ್ ಬದಲಿಸಿದರೆ ಮೂರನೆಯದೂ ಹೋಗುತ್ತದೆ. ನಿಮ್ಮ ಎಂಜಿನ್ 97.2 ಸಿಸಿ. ಪಿಸ್ಟನ್ ಪ್ರತಿ ಸಲ ಕೆಳಗಿಳಿದಾಗ ಅಷ್ಟು ಗಾಳಿಯನ್ನು ಕೆಳಗಿನ ಕೇಸಿನೊಳಗೆ ಒತ್ತುತ್ತದೆ, ಮೇಲೆ ಹೋದಾಗ ಎಳೆಯುತ್ತದೆ. ನಿಮಿಷಕ್ಕೆ 5000 ಸುತ್ತು ಅಂದರೆ ಸೆಕೆಂಡಿಗೆ ಎಂಬತ್ತಕ್ಕೂ ಹೆಚ್ಚು ಸಲ. ಇದರ ಜೊತೆಗೆ ರಿಂಗುಗಳ ಸಂದಿಯಿಂದ ನುಸುಳುವ ಸುಟ್ಟ ಅನಿಲ ಬೇರೆ, ಹಳೆ ಗಾಡಿಯಲ್ಲಿ ಅದು ಜಾಸ್ತಿ. ಇದೆಲ್ಲ ಹೊರಗೆ ಹೋಗಲಿ ಅಂತ ಎಂಜಿನ್ನಿಂದ ಕಿರುಬೆರಳಿನ ದಪ್ಪದ ಒಂದು ರಬ್ಬರ್ ಪೈಪ್ ಇಟ್ಟಿರುತ್ತಾರೆ. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಬೇರೆ ದಾರಿ ಹುಡುಕುತ್ತದೆ. ಎಲ್ಲಿ ಬಡವನೋ ಅಲ್ಲಿ. ಸ್ಪ್ರಾಕೆಟ್ ಸೀಲ್, ಗೇರ್ ಸೀಲ್.

ಈ ಜಾತಿಯ ಸೀಲುಗಳು ಎಣ್ಣೆ ತಡೆಯಲಿಕ್ಕೆ ಮಾಡಿದವು, ಒತ್ತಡ ತಡೆಯಲಿಕ್ಕಲ್ಲ. ತುಟಿಯ ಹಿಂದೆ ಒಂದು ಸಣ್ಣ ಸುರುಳಿ ಸ್ಪ್ರಿಂಗ್ ಇರುತ್ತದೆ, ಅದು ತುಟಿಯನ್ನು ಶಾಫ್ಟಿಗೆ ಮೆಲ್ಲಗೆ ಒತ್ತಿ ಹಿಡಿದಿರುತ್ತದೆ. ತುಟಿಗೂ ಶಾಫ್ಟಿಗೂ ನಡುವೆ ಕಣ್ಣಿಗೆ ಕಾಣದಷ್ಟು ತೆಳ್ಳನೆ ಎಣ್ಣೆಯ ಪೊರೆ, ಅದರ ಮೇಲೇ ತುಟಿ ಜಾರುತ್ತಿರುತ್ತದೆ. ಒಳಗಿನಿಂದ ಒತ್ತಡ ಬಂದರೆ ತುಟಿ ಶಾಫ್ಟಿಗೆ ಬಲವಾಗಿ ಅಂಟುತ್ತದೆ, ಪೊರೆ ಹರಿಯುತ್ತದೆ, ರಬ್ಬರ್ ಕಾದು ಸುಡುತ್ತದೆ. ಸಾಮಾನ್ಯ ಸೀಲ್ ತಡೆಯುವುದು ಸುಮಾರು 0.3 ಬಾರ್ ಅಷ್ಟೇ, ಸೈಕಲ್ ಚಕ್ರದ ಗಾಳಿಯ ಹತ್ತರಲ್ಲೊಂದು ಪಾಲು. ಅದು ಮೀರಿದರೆ ಒಮ್ಮೊಮ್ಮೆ ಸೀಲೇ ಗೂಡು ಬಿಟ್ಟು ಹೊರಗೆ ಬರುವುದೂ ಉಂಟು.

ಆಯಿಲ್ ಜಾಸ್ತಿ ಹಾಕಿದರೂ ಇದೇ ಕಥೆ, ಅದನ್ನೂ ಅಳೆಯಿರಿ. ಸ್ಪ್ಲೆಂಡರಲ್ಲಿ ಗೇಜ್ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡದೆ, ಸುಮ್ಮನೆ ತೂತಿನ ಮೇಲೆ ಇಟ್ಟು ನೋಡಬೇಕು. ಸೆಂಟರ್ ಸ್ಟ್ಯಾಂಡ್ ಮೇಲೆ, ಎಂಜಿನ್ ಆಫ್ ಮಾಡಿ ಎರಡು ಮೂರು ನಿಮಿಷ ಬಿಟ್ಟು. ಸೈಡ್ ಸ್ಟ್ಯಾಂಡಲ್ಲಿ ನೋಡಿ ಸುರಿಯುವವರೇ ಹೆಚ್ಚು.


ಕುಡ್ಲದ ಬೊಳ್ಳಿ
ಬುಧವಾರ, ರಾತ್ರಿ 8.20

ಮಾರಾಯ್ರೆ, ಇದನ್ನೇ ಹೇಳ್ಲಿಕ್ಕೆ ಬಂದದ್ದು ನಾನು. ನಮ್ಮ ಹಳೆ ಮಾರುತಿ ಕಾರಲ್ಲಿ ಪಿಸಿವಿ ವಾಲ್ವ್ ಅಂತ ಒಂದು ಉಂಟು, ಹೆಬ್ಬೆರಳಿನಷ್ಟು, ಎಂಜಿನ್ ಒಳಗಿನ ಒತ್ತಡ ಬಿಡ್ಲಿಕ್ಕೆ ಇರುದು. ಅದು ಜಿಡ್ಡು ಕಟ್ಟಿ ಬಂದಾಗಿ ಕ್ರ್ಯಾಂಕ್ ಸೀಲಿಂದ ಆಯಿಲ್ ಬರ್ತಾ ಇತ್ತು. ಒಬ್ಬರು ಗೇರ್ ಬಾಕ್ಸ್ ಇಳಿಸಿ ಸೀಲ್ ಹಾಕಿ ಬಿಲ್ ಮಾಡಿದ್ರು, ಮೂರು ತಿಂಗಳಲ್ಲಿ ಪುನಃ ಸೋರಿತು. ಮತ್ತೊಬ್ಬರು ಆ ವಾಲ್ವ್ ತೆಗೆದು ಕಿವಿ ಹತ್ರ ಅಲ್ಲಾಡಿಸಿ, ಇದು ಸದ್ದೇ ಮಾಡುದಿಲ್ಲ ಅಂದ್ರು. ಸರಿ ಇದ್ದದ್ದಾದ್ರೆ ಒಳಗೆ ಕಿಣಿ ಕಿಣಿ ಹೇಳ್ಬೇಕಂತೆ. ಹೊಸದು ಹಾಕಿದ ಮೇಲೆ ಸೋರುವುದು ಅರ್ಧಕ್ಕರ್ಧ ಇಳಿಯಿತು. ಪೂರ್ತಿ ಇಳಿಲಿಲ್ಲ, ಸೀಲ್ ಅಷ್ಟೊತ್ತಿಗೆ ಹಾಳಾಗಿಯೇ ಇತ್ತು.


ಅಡಿಕೆಸೋಗೆ
ಗುರುವಾರ, ಬೆಳಿಗ್ಗೆ 8.45

ಕುಂಬಾರ ಹುಳು!

ನಿನ್ನೆ ರಾತ್ರಿ ಟಾರ್ಚ್ ಹಿಡಿದು ಕೂತೆ. ಮಸ್ಕತ್‌ನವರು ಹೇಳಿದ ಪೈಪ್ ಸಿಕ್ಕಿತು. ಏರ್ ಫಿಲ್ಟರ್ ಡಬ್ಬಕ್ಕೆ ಸಿಕ್ಕಿಸಿರಬೇಕಾದ ತುದಿ ಬಿಟ್ಟುಕೊಂಡು ಫ್ರೇಮಿನ ಮೂಲೆಯಲ್ಲಿ ನೇತಾಡುತ್ತಿತ್ತು. ಮಳೆಗಾಲಕ್ಕೆ ಮೊದಲು ಸರ್ವಿಸಿಗೆ ಕೊಟ್ಟಾಗ ಫಿಲ್ಟರ್ ಡಬ್ಬ ಬಿಚ್ಚಿದ್ದರು, ಆಗ ತಿರುಗಿ ಹಾಕಲಿಲ್ಲ ಅಂತ ಕಾಣುತ್ತದೆ. ತುದಿಗೆ ಬೆರಳು ಹಾಕಿದರೆ ಗಟ್ಟಿ. ರಬ್ಬರ್ ಮಡಚಿದೆಯೇನೋ ಅಂದುಕೊಂಡು ತೆಗೆದು ಬೆಳಕಿಗೆ ಹಿಡಿದರೆ ಬಾಯಿ ತುಂಬ ಕೆಂಪು ಮಣ್ಣು, ಅರೆದು ಮೆತ್ತಿದ ಹಾಗೆ ನುಣ್ಣಗೆ.

ಕಡ್ಡಿಯಲ್ಲಿ ಕೆದಕಿದೆ. ಮೊದಲು ಒಂದು ಮಣ್ಣಿನ ಬಿರಡೆ. ಅದರ ಹಿಂದೆ ಒಣಗಿದ ಸಣ್ಣ ಜೇಡಗಳು, ಏಳೋ ಎಂಟೋ. ಮತ್ತೆ ಮಣ್ಣು. ಮತ್ತೆ ಜೇಡ. ಒಟ್ಟು ಮೂರು ಕೋಣೆ ಕಟ್ಟಿತ್ತು ಪುಣ್ಯಾತ್ಗಿತ್ತಿ. ನಾವು ಬೆಂಗಳೂರಲ್ಲಿ ಬಾಣಂತನ ಮಾಡುತ್ತಿದ್ದಾಗ ಇದೂ ಇಲ್ಲಿ ಅದನ್ನೇ ಮಾಡಿದೆ. ಈಗ ನೋಡಿದರೆ ಕೊಟ್ಟಿಗೆಯ ಗಳುವಿನ ತೂತು, ಹಳೆ ಕೊಳಲು, ನೀರಿನ ಪೈಪಿನ ತುದಿ, ಎಲ್ಲದರಲ್ಲೂ ಅದರ ಸಂಸಾರ.

ಪೈಪ್ ತೊಳೆದು ಊದಿ, ಡಬ್ಬಕ್ಕೆ ಸಿಕ್ಕಿಸಿ ಎಂಜಿನ್ ಶುರು ಮಾಡಿದೆ. ಗೇರ್ ಶಾಫ್ಟ್ ಹತ್ತಿರದ ಗುಳ್ಳೆ ನಿಂತೇ ಹೋಯಿತು. ಮುಚ್ಚಳ ತೆಗೆದರೆ ಉಸ್ ಇಲ್ಲ. ಆದರೆ ಸ್ಪ್ರಾಕೆಟ್ ಹಿಂದಿನ ತೇವ ಇನ್ನೂ ಇದೆ, ಮೊದಲಿಗಿಂತ ಕಮ್ಮಿ.


ಹುಬ್ಬಳ್ಳಿ ಹತ್ತು ನಂಬರ್ ಸ್ಪ್ಯಾನರ್
ಗುರುವಾರ, ಬೆಳಿಗ್ಗೆ 9.10

ಇಪ್ಪತ್ತೆರಡು ವರ್ಷ ಆತು ನಾ ಈ ದಂಧೆದಾಗ. ಪೈಪಿನಾಗ ಕೆಸರು ನೋಡೀನಿ, ಆಯಿಲ್ ಗಟ್ಟಿಯಾಗಿ ಕೂತದ್ದು ನೋಡೀನಿ, ಹುಳದ ಮನಿ ನೋಡಿಲ್ಲ. ಹುಡುಗರಿಗೆ ಓದಿ ಹೇಳಿದೆ.

ಸ್ಪ್ರಾಕೆಟ್ ಸೀಲ್ ಹೊಸಾದು ಹಾಕಾಕ ಬೇಕು, ಒತ್ತಡಕ್ಕ ಅದರ ತುಟಿ ಸುಟ್ಟಿರ್ತೈತಿ. ನೀವ ಹಾಕ್ರಿ, ಎಂಜಿನ್ ಬಿಚ್ಚೂದಿಲ್ಲ, ಹೊರಗಿಂದನ ಆಗ್ತೈತಿ. ಸ್ಪ್ರಾಕೆಟ್ಟಿನ ಎರಡು ಹತ್ತು ನಂಬರ್ ಬೋಲ್ಟ್ ಬಿಚ್ಚಿ, ಲಾಕ್ ಪ್ಲೇಟ್ ಚೂರು ತಿರುವಿದ್ರ ಹೊರಗ ಬರ್ತೈತಿ. ಹಳೆ ಸೀಲಿನ ಲೋಹದ ಭಾಗಕ್ಕ ಸಣ್ಣ ಸ್ಕ್ರೂ ತಿರುವಿ, ಇಕ್ಕಳದಾಗ ಹಿಡದು ಎಳೀರಿ. ಸ್ಕ್ರೂಡ್ರೈವರ್ ಹಾಕಿ ಮೀಟಬ್ಯಾಡ್ರಿ, ಶಾಫ್ಟಿಗೆ ಇಲ್ಲಾ ಕೇಸಿಗೆ ಗೀರು ಬಿದ್ರ ಅದ ಹೊಸ ಲೀಕ್. ಸ್ಕ್ರೂ ಆಳಕ್ಕ ಬಿಡಬ್ಯಾಡ್ರಿ, ಹಿಂದ ಬೇರಿಂಗ್ ಐತಿ.

ಗಾಡಿ ಬಲಗಡೆ ಚೂರು ವಾಲಿಸಿ ಇಟ್ಟು ಮಾಡ್ರಿ, ಆಯಿಲ್ ತಗಿಯೂದು ಬೇಕಾಗಂಗಿಲ್ಲ.


ಮಸ್ಕತ್ ಕನ್ನಡಿಗ
ಗುರುವಾರ, ಬೆಳಿಗ್ಗೆ 9.48

ಜೇಡಗಳನ್ನು ಅದು ಕೊಂದಿರುವುದಿಲ್ಲ, ಚುಚ್ಚಿ ಜಡ ಮಾಡಿ ಮರಿಗೆ ಬುತ್ತಿ ಕಟ್ಟಿಟ್ಟಿರುತ್ತದೆ. ವಿಮಾನಗಳ ವೇಗ ಅಳೆಯುವ ನಳಿಕೆಯೊಳಗೂ ಈ ಜಾತಿಯ ಹುಳು ಗೂಡು ಕಟ್ಟುತ್ತದೆ, ಅದಕ್ಕೇ ನಿಂತ ವಿಮಾನದ ನಳಿಕೆಗೆ ಗವಸು ಹಾಕುವುದು. ನಿಮ್ಮ ಸ್ಪ್ಲೆಂಡರ್ ದೊಡ್ಡವರ ಸಾಲಿಗೆ ಸೇರಿತು.

ಸೀಲ್ ತೆಗೆದ ಮೇಲೆ ಒಂದು ಕೆಲಸ ಮರೆಯಬೇಡಿ. ತುಟಿ ಕೂರುವ ಜಾಗದಲ್ಲಿ ಶಾಫ್ಟ್ ಒರೆಸಿ ಉಗುರು ಅಡ್ಡ ಎಳೆಯಿರಿ. ರಬ್ಬರ್ ಮೆತ್ತಗೆ, ಉಕ್ಕು ಗಟ್ಟಿ, ಆದರೂ ಸವೆಯುವುದು ಉಕ್ಕು. ಚೈನಿನ ಧೂಳು, ಮರಳು ತುಟಿಯಲ್ಲಿ ಹೂತು ಅದನ್ನು ಅರದಂತೆ ಮಾಡಿಬಿಡುತ್ತದೆ. ವರ್ಷಾನುಗಟ್ಟಲೆ ಒಂದೇ ಜಾಗದಲ್ಲಿ ತಿಕ್ಕಿ ಶಾಫ್ಟಿನ ಸುತ್ತ ಉಂಗುರದ ಹಾಗೆ ಕುಳಿ ಬೀಳುತ್ತದೆ. ಉಗುರು ಸಿಕ್ಕಿಕೊಂಡರೆ ಹೊಸ ಸೀಲಿನ ತುಟಿಯನ್ನು ಅದೇ ಗುಂಡಿಗೆ ಇಳಿಸಬೇಡಿ. ಜಾಗ ಇದ್ದರೆ ಸೀಲನ್ನು ಒಂದು ಮಿಲಿಮೀಟರ್ ಒಳಗೋ ಹೊರಗೋ ನಿಲ್ಲಿಸಿ, ತುಟಿ ಹೊಸ ಉಕ್ಕಿನ ಮೇಲೆ ಕೂರುತ್ತದೆ. ದೊಡ್ಡ ಯಂತ್ರಗಳಲ್ಲಾದರೆ ನಾವು ಶಾಫ್ಟಿಗೆ ಕಾಗದದಷ್ಟು ತೆಳು ಉಕ್ಕಿನ ತೋಳು ತೊಡಿಸುತ್ತೇವೆ, ಟ್ರ್ಯಾಕ್ಟರ್ ಕ್ರ್ಯಾಂಕಿಗೂ ಅಂಥದ್ದು ಸಿಗುತ್ತದೆ. ಬೈಕಿಗೆ ಅಷ್ಟೆಲ್ಲ ಬೇಡ.

ಸ್ಪ್ರಿಂಗ್ ಕಾಣುವ ಮುಖ ಎಣ್ಣೆ ಕಡೆ, ಅಂದರೆ ಒಳಗೆ. ಅಳತೆ ಬರೆದ ಮುಖ ಹೊರಗೆ. ಅಂಗಡಿಗೆ ಹಳೆ ಸೀಲ್ ತೆಗೆದುಕೊಂಡು ಹೋಗಿ, ಅದರ ಮೇಲೆ ಮೂರು ಸಂಖ್ಯೆ ಇರುತ್ತದೆ: ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಮೂರೂ ತಾಳೆಯಾಗಬೇಕು. ತುಟಿಗೆ ಅನಬಾಂಡ್ ಅಂಟು ಮೆತ್ತಬೇಡಿ, ಆಯಿಲ್ ಸವರಿ ಸಾಕು.


ಯೆಜ್ಡಿ ತಾತ
ಗುರುವಾರ, ಮಧ್ಯಾಹ್ನ 12.30

ಚೈನ್ ಎಷ್ಟು ಬಿಗಿ ಇಟ್ಟಿದ್ದೀರಿ ನೋಡ್ಕೊಳ್ಳಿ. ಬೆರಳಲ್ಲಿ ಮೀಟಿದರೆ ಒಂದಿಂಚು ಆಡಬೇಕು. ವೀಣೆ ತಂತಿ ಹಂಗೆ ಎಳೆದಿದ್ರೆ ಶಾಫ್ಟನ್ನೇ ಹಿಂದಕ್ಕೆ ಜಗ್ಗುತ್ತಿರುತ್ತೆ, ಸೀಲ್ ಒಂದೇ ಕಡೆ ಸವೆಯುತ್ತೆ, ಆಮೇಲೆ ಬೇರಿಂಗ್ ಹೋಗಿ ನಿಮ್ಮ ಮೆಕ್ಯಾನಿಕ್ ಹೇಳಿದ್ದು ನಿಜವಾಗುತ್ತೆ. ಇಬ್ಬರು ಕೂತಾಗ ಚೈನ್ ಇನ್ನೂ ಬಿಗಿಯಾಗುತ್ತೆ ಅನ್ನೋದು ಲೆಕ್ಕಕ್ಕಿರಲಿ.


ರಸ್ತೆರಾಜ_99
ಗುರುವಾರ, ಮಧ್ಯಾಹ್ನ 2.14

ಬ್ರೇಕ್ ಆಯಿಲ್ ವಿಷಯ ವಾಪಸ್ ತಗೊಂಡೆ. ಅಣ್ಣನ ಗಾಡಿ ಕ್ಲಚ್ ಜಾರ್ತಾ ಇದೆಯಂತೆ, ಈಗಷ್ಟೇ ಕೇಳಿದೆ. ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಿದ್ರೆ ಸರಿ ಹೋಗುತ್ತಾ?


ಮಸ್ಕತ್ ಕನ್ನಡಿಗ
ಗುರುವಾರ, ಮಧ್ಯಾಹ್ನ 2.40

ಮೊದಲು ಅದನ್ನೇ ಮಾಡಿ. ಕಮ್ಮಿ ಬೆಲೆಯ ಆಯಿಲ್ ಹಾಕಿ ಸ್ವಲ್ಪ ಓಡಿಸಿ, ಅದನ್ನೂ ಇಳಿಸಿ, ಆಮೇಲೆ ಸರಿಯಾದದ್ದು ಹಾಕಿ. ಆಮೇಲೂ ಜಾರಿದರೆ ಕ್ಲಚ್ ಪ್ಲೇಟ್ ಬಿಚ್ಚಿ ನೋಡಲೇಬೇಕು.


ಅಡಿಕೆಸೋಗೆ
ಭಾನುವಾರ, ರಾತ್ರಿ 8.55

ಸೀಲ್ ಹಾಕಿದೆ. ನಾನೇ.

ಶಿವಮೊಗ್ಗಕ್ಕೆ ಮದುವೆಗೆ ಹೋಗಿದ್ದೆ, ಅಲ್ಲೇ ಕಂಪನಿ ಪೊಟ್ಟಣದ ಸೀಲ್ ತಂದೆ. ಐವತ್ತು ರೂಪಾಯಿಗೆ ಚಿಲ್ಲರೆ ವಾಪಸ್ ಬಂತು. ಗೇರ್ ಶಾಫ್ಟಿನದೂ ಒಂದು ತಂದಿದ್ದೇನೆ, ಹಾಕಿಲ್ಲ, ಅದು ಒಣಗಿಯೇ ಇದೆ.

ಸ್ಪ್ರಾಕೆಟ್ ಬಿಚ್ಚುವುದು ಸುಲಭ ಅಂತ ಹುಬ್ಬಳ್ಳಿಯವರು ಹೇಳಿದ್ದರು. ಬೋಲ್ಟ್ ಬಿಚ್ಚಲು ಶಾಫ್ಟ್ ತಿರುಗದ ಹಾಗೆ ಹಿಡಿಯುವುದೇ ಒಂದು ಸರ್ಕಸ್. ಕೊನೆಗೆ ಮನೆಯವಳನ್ನು ಕರೆದು ಹಿಂದಿನ ಬ್ರೇಕ್ ಒತ್ತಿ ಹಿಡಿಯಲು ಹೇಳಿದೆ. ಕೈಯಲ್ಲಿ ಒತ್ತಬೇಕೋ ಕಾಲಲ್ಲೋ ಅಂತ ಅವಳು ಕೇಳಿದ್ದಕ್ಕೆ ನಾನು ನಕ್ಕಿದ್ದು ತಪ್ಪಾಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಸ್ಕ್ರೂ ತಿರುಗಿಸಿ ಎಳೆದಾಗ ಸೀಲ್ ಬುಚ್ ಅಂತ ಈಚೆ ಬಂತು. ಒಳಬಾಯಿ ಮಿರಿ ಮಿರಿ ಮಿಂಚುತ್ತಿತ್ತು, ಅಂಚಿನಲ್ಲಿ ಹುಡಿ ಹುಡಿ. ಮೂರು ವಾರದ ಸೀಲ್ ಅಂತ ಯಾರೂ ಹೇಳಲಿಕ್ಕಿಲ್ಲ. ಶಾಫ್ಟಿಗೆ ಉಗುರು ಎಳೆದರೆ ಒಂದು ಕಡೆ ಸ್ವಲ್ಪ ತಡೆಯಿತು. ಕುಳಿ ಅಂತ ಹೇಳುವಷ್ಟು ಅಲ್ಲ, ಕೂದಲು ಅಂಟಿಕೊಂಡಷ್ಟು. ಆದರೂ ಮಸ್ಕತ್‌ನವರ ಮಾತಿಗೆ ಸೀಲನ್ನು ಪೂರ್ತಿ ತಳಕ್ಕೆ ಕೂರಿಸದೆ, ಅಂದಾಜು ಒಂದು ಮಿಲಿಮೀಟರ್ ಹೊರಗೆ ಬಿಟ್ಟಿದ್ದೇನೆ. ಸ್ಪ್ರಾಕೆಟ್ ತಾಗುವುದಿಲ್ಲ ಅಂತ ನೋಡಿಕೊಂಡೆ. ಬಡಿಯಲು ಸಾಕೆಟ್ ಸೆಟ್ ಇರಲಿಲ್ಲ. ಸ್ಪ್ರೇಯರಿನ ಹಿತ್ತಾಳೆ ಕಪ್ಲಿಂಗ್ ಒಂದು ಸೀಲಿನ ಹೊರ ಅಂಚಿಗೆ ಸರಿಯಾಗಿ ಕೂತಿತು, ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಪೈಪಿನದು. ಅದರ ಮೇಲೆ ಮರದ ತುಂಡು ಇಟ್ಟು ಮೆಲ್ಲಗೆ ಸುತ್ತ ಸುತ್ತ ತಟ್ಟಿದೆ. ಸೆಲೋ ಟೇಪ್ ಸುತ್ತಿದ್ದೆ.

ತೀರ್ಥಹಳ್ಳಿಗೆ ಎರಡು ಸಲ, ಕೊಪ್ಪಕ್ಕೆ ಒಂದು ಸಲ ಹೋಗಿ ಬಂದೆ. ಮತ್ತೆ ಪೌಡರ್ ಹಾಕಿ ನೋಡಿದೆ, ಈ ಸಲ ಡಬ್ಬಿ ನನ್ನದೇ ದುಡ್ಡಿನದು. ಬೆಳ್ಳಗೇ ಇದೆ. ಹಾಳೆಯ ಮೇಲೂ ಏನಿಲ್ಲ, ಇವತ್ತು ಬೆಳಿಗ್ಗೆ ಅದರಲ್ಲಿ ಬೆಕ್ಕು ಮಲಗಿತ್ತು.

ಚೈನ್ ಅಳತೆ ನೋಡಿದೆ, ಯೆಜ್ಡಿ ತಾತ ಹೇಳಿದ ಹಾಗೆ ವೀಣೆ ತಂತಿಯೇ. ಸಡಿಲ ಮಾಡಿದೆ. ಆಯಿಲ್ ಕಮ್ಮಿಯಾಗಿತ್ತು, ಗೇಜಿನ ಕೆಳಗೆರೆಗೂ ಇರಲಿಲ್ಲ. ಸೋರಿದ್ದರ ಲೆಕ್ಕ ನಾನು ಇಟ್ಟಿರಲಿಲ್ಲ, ಆ ತಪ್ಪು ನನ್ನದು.


ಹುಬ್ಬಳ್ಳಿ ಹತ್ತು ನಂಬರ್ ಸ್ಪ್ಯಾನರ್
ಭಾನುವಾರ, ರಾತ್ರಿ 9.20

ಭಾಳ ಚಲೋ ಆತು. ಐದುನೂರು ಕಿಲೋಮೀಟರ್ ಆದ ಮ್ಯಾಲ ಕವರ್ ತಗದು ಒಮ್ಮೆ ನೋಡ್ರಿ. ಹಿಂದಿನ ಟೈರಿನ ಎಡಗಡಿ ಗ್ವಾಡಿ ಒರಸ್ರಿ, ಚೈನಿನಿಂದ ಸಿಡದ ಆಯಿಲ್ ಅಲ್ಲಿ ಕೂತಿರ್ತೈತಿ. ಘಾಟಿ ಇಳಿಯೋರು ನೀವು.

ಆ ಹಿತ್ತಾಳಿ ಕಪ್ಲಿಂಗ್ ಟೂಲ್ ಬಾಕ್ಸಿನಾಗ ಇಡ್ರಿ, ತೋಟಕ್ಕ ವಾಪಸ್ ಕೊಡಬ್ಯಾಡ್ರಿ.


ಕುಡ್ಲದ ಬೊಳ್ಳಿ
ಭಾನುವಾರ, ರಾತ್ರಿ 9.41

ನಿಮ್ಮ ಮೆಕ್ಯಾನಿಕ್ಕಿಗೆ ಹೇಳಿದ್ರಾ?


ಅಡಿಕೆಸೋಗೆ
ಭಾನುವಾರ, ರಾತ್ರಿ 9.58

ಹೇಳಿದೆ. ಮಣ್ಣಿನ ಬಿರಡೆ ಬೆಂಕಿಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗಿ ತೋರಿಸಿದೆ. ಎರಡು ನಿಮಿಷ ನೋಡಿ, ಅಂಗಡಿ ಹಿಂದೆ ಆರು ತಿಂಗಳಿಂದ ನಿಂತಿದ್ದ ಒಂದು ಗಾಡಿಯ ಹತ್ತಿರ ಹೋಗಿ ಪೈಪಿಗೆ ಬೆರಳು ಹಾಕಿದರು. ಅದರಲ್ಲೂ ಇತ್ತು.